ಉದ್ಯಮಬಾಗದ ಫೌಂಡ್ರಿಯಲ್ಲಿ ಇಆರ್‌ಪಿನೆಕ್ಸ್ಟ್: ವರ್ಷಗಳ ಬಳಕೆಯ ಮೇಲೆ ಒಂದು ವಿಮರ್ಶೆ

ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದು ಎರಕದ ಕಾರ್ಖಾನೆ. ಗ್ರೇ ಐರನ್ (ಸಾಮಾನ್ಯ ಬೀಡು ಕಬ್ಬಿಣ), ಎಸ್‌ಜಿ ಐರನ್ (ಒಳಗಿನ ಗ್ರಾಫೈಟ್ ಗುಂಡಗಿರುವ, ಎಳೆದರೆ ತುಸು ಹಿಗ್ಗುವ ಬೀಡು) ಎರಡನ್ನೂ ಹುಯ್ಯುತ್ತೇವೆ. ಪಂಪಿನ ಕವಚ, ವಾಲ್ವಿನ ಬಾಡಿ, ಟ್ರ್ಯಾಕ್ಟರಿನ ಬಿಡಿಭಾಗ ಇಂಥವು ಪುಣೆ, ಕೊಲ್ಹಾಪುರದ ಕಡೆ ಹೋಗುತ್ತವೆ. ಲೆಕ್ಕಪತ್ರ ಮತ್ತು ಸ್ಟೋರ್ಸ್ ನನ್ನ ಜವಾಬ್ದಾರಿ. 2022ರಿಂದ ನಮ್ಮ ಇಡೀ ವ್ಯವಹಾರ ಇಆರ್‌ಪಿನೆಕ್ಸ್ಟ್ ಎಂಬ, ಲೆಕ್ಕ, ಸ್ಟಾಕ್, ಬಿಲ್ಲು ಎಲ್ಲ ಒಂದೇ ಕಡೆ ಇಡುವ ಸಾಫ್ಟ್‌ವೇರ್ ಮೇಲೆ ನಡೆದಿದೆ. ಮಚ್ಛೆ, ಕಾಕತಿ ಕಡೆಯ ಕಾರ್ಖಾನೆಯವರು ಆಗಾಗ ಫೋನ್ ಮಾಡಿ "ಹೆಂಗೈತ್ರೀ ಅದು, ನಾವೂ ಹಾಕಿಸೋಣೇನು?" ಎಂದು ಕೇಳುತ್ತಾರೆ. ಹಾಕಿಸಿ, ಆದರೆ ಅದನ್ನು ತನ್ನದೆಂದು ನೋಡಿಕೊಳ್ಳುವ ಒಬ್ಬರು ನಿಮ್ಮ ಪಗಾರಪಟ್ಟಿಯಲ್ಲೇ ಇದ್ದರೆ ಮಾತ್ರ ಎನ್ನುತ್ತೇನೆ. ಯಾಕೆ ಹಾಗೆನ್ನುತ್ತೇನೆ ಎಂಬುದನ್ನು ಇಲ್ಲಿ ವಿವರವಾಗಿ ಬರೆದಿದ್ದೇನೆ.

ಮೊದಲು ಲೆಕ್ಕ ಟ್ಯಾಲಿಯಲ್ಲಿತ್ತು, ಡಿಸ್ಪ್ಯಾಚ್ ಎಕ್ಸೆಲ್‌ನಲ್ಲಿ, ಜಾಬ್‌ವರ್ಕಿಗೆ, ಅಂದರೆ ಹೊರಗಿನ ಶಾಪ್‌ಗಳಿಗೆ ಕೂಲಿ ಕೆಲಸಕ್ಕೆ, ಹೋದ ಮಾಲು ದಪ್ಪ ರಟ್ಟಿನ ರಿಜಿಸ್ಟರಿನಲ್ಲಿ. ಟ್ಯಾಲಿ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಲೆಕ್ಕ ಬರೆಯಲು ಅದರಷ್ಟು ವೇಗದ್ದು ನಾನು ಕಂಡಿಲ್ಲ, ನಮ್ಮ ಸಿಎ ಇಂದಿಗೂ ಮೊದಲು ಕೇಳುವುದು ಟ್ಯಾಲಿ ಬ್ಯಾಕಪ್ಪನ್ನೇ. ಆದರೆ ಭಟ್ಟಿಯಿಂದ ಗೇಟಿನವರೆಗೆ ಒಂದು ಎರಕ ಯಾವ ಯಾವ ಕೈ ದಾಟಿ ಬಂತು ಎಂಬುದು ನಮ್ಮ ಆ ಮೂರು ಕಡೆಯ ಬರಹದಲ್ಲಿ ಎಲ್ಲೂ ಒಟ್ಟಿಗೆ ಸಿಗುತ್ತಿರಲಿಲ್ಲ. 2022ರ ಏಪ್ರಿಲ್ 1ರಿಂದ ಇ-ಇನ್‌ವಾಯ್ಸ್ (ಬಿಲ್ಲನ್ನು ಸರ್ಕಾರದ ಪೋರ್ಟಲಿನಲ್ಲಿ ನೋಂದಾಯಿಸುವ ಪದ್ಧತಿ) ಕಡ್ಡಾಯವಾಗುವ ವಾರ್ಷಿಕ ವಹಿವಾಟಿನ ಮಿತಿ 20 ಕೋಟಿಗೆ ಇಳಿಯಿತು, ನಾವೂ ಅದರೊಳಗೆ ಬಂದೆವು. ಹೇಗೂ ಬಿಲ್ಲಿಂಗ್ ಪದ್ಧತಿ ಬದಲಿಸಲೇಬೇಕು, ಈಗಲೇ ಎಲ್ಲ ಒಂದೇ ಕಡೆ ತರೋಣ ಎಂದು ಮಾಲೀಕರು ಮನಸ್ಸು ಮಾಡಿದರು.

ಆಯ್ಕೆಯ ಬಗ್ಗೆ ಇಲ್ಲಿ ತುಸು ನಿಂತು ಹೇಳಬೇಕು. ಡೆಮೊದಲ್ಲಿ ಎಲ್ಲ ಸಾಫ್ಟ್‌ವೇರೂ ಚೆಂದವೇ. ಬಣ್ಣದ ಡ್ಯಾಶ್‌ಬೋರ್ಡ್, ಮಾರಾಟದ ಗ್ರಾಫ್, ಒಂದು ಖರೀದಿ, ಒಂದು ಬಿಲ್ಲು. ಅದರಿಂದ ಏನೂ ತಿಳಿಯುವುದಿಲ್ಲ. ನಾವು ಮಾಡಿದ್ದು ಇಷ್ಟು: ನಮ್ಮಲ್ಲಿ ಅತ್ಯಂತ ತೊಡಕಿನ ವಹಿವಾಟು ಯಾವುದೋ ಅದನ್ನು ಒಂದು ಹಾಳೆಯಲ್ಲಿ ಬರೆದು, ಬಂದವರ ಮುಂದಿಟ್ಟು, ನಮ್ಮ ಕಣ್ಣೆದುರೇ ಮಾಡಿ ತೋರಿಸಿ ಎಂದೆವು. ನೂರು ಎರಕ ಮಷಿನಿಂಗಿಗೆ ಜಾಬ್‌ವರ್ಕಿಗೆ ಹೋದವು. ತೊಂಬತ್ತೆರಡು ಸರಿಯಾಗಿ ಬಂದವು. ಐದರಲ್ಲಿ ಕೊರೆದ ಮೇಲೆ ಬ್ಲೋ ಹೋಲ್ (ಒಳಗೆ ಗಾಳಿ ಸಿಕ್ಕಿ ಆದ ತೂತು) ಕಂಡಿತು, ಅದು ನಮ್ಮ ತಲೆಗೆ. ಮೂರು ಜಾಬ್‌ವರ್ಕಿನವನ ಲೇತಿನ ಮೇಲೆ ಕೆಟ್ಟವು, ಅದು ಅವನ ತಲೆಗೆ, ಕಚ್ಚಾಮಾಲಿನ ಬೆಲೆಗೆ ಡೆಬಿಟ್ ನೋಟ್ ಹೋಗಬೇಕು. ಬೋರಿಂಗ್ ಚೂರು ಅವನಲ್ಲೇ ಉಳಿಯಿತು, ಅದರ ತೂಕಕ್ಕೂ ಲೆಕ್ಕ ಬೇಕು. ಚಲನ್, ಇ-ವೇ ಬಿಲ್, ವಾಪಸು ಬಂದ ನಮೂದು, ಕೊನೆಗೆ ಐಟಿಸಿ-04ಕ್ಕೆ (ಜಾಬ್‌ವರ್ಕಿಗೆ ಹೋಗಿ ಬಂದ ಮಾಲಿನ ಲೆಕ್ಕ ಕೊಡುವ ಜಿಎಸ್‌ಟಿ ನಮೂನೆ) ಬೇಕಾದ ಪಟ್ಟಿ, ಇಷ್ಟೂ ಆಗಬೇಕು.

ಈ ಹಾಳೆ ನೋಡಿ ಕೆಲವರು "ಅದನ್ನ ಆಮ್ಯಾಲೆ ಕಸ್ಟಮೈಸ್ ಮಾಡಿ ಕೊಡ್ತೇವ್ರೀ" ಎಂದು ಮುಂದಿನ ಸ್ಲೈಡಿಗೆ ಹೋದರು. ಅವರನ್ನು ಅಲ್ಲಿಗೇ ಕೈಬಿಟ್ಟೆವು. ಜಿಎಸ್‌ಟಿಯ 143ನೇ ಸೆಕ್ಷನ್ ಪ್ರಕಾರ ಜಾಬ್‌ವರ್ಕಿಗೆ ಕಳಿಸಿದ ಮಾಲು ಒಂದು ವರ್ಷದೊಳಗೆ ವಾಪಸು ಬರಬೇಕು, ಇಲ್ಲವೇ ಅಲ್ಲಿಂದಲೇ ಮಾರಾಟವಾಗಬೇಕು. ಬರದಿದ್ದರೆ ಕಳಿಸಿದ ದಿನವೇ ಪೂರೈಕೆ ಆದಂತೆ ಎಣಿಸಿ ತೆರಿಗೆ, ಬಡ್ಡಿ ಬೀಳುತ್ತದೆ. ವಹಿವಾಟು 5 ಕೋಟಿ ಮೀರಿದವರು ಐಟಿಸಿ-04 ಅನ್ನು ಆರು ತಿಂಗಳಿಗೊಮ್ಮೆ ಸಲ್ಲಿಸಬೇಕು. ಉದ್ಯಮಬಾಗದಲ್ಲಿ ಗಲ್ಲಿಗೊಂದು ಮಷಿನ್ ಶಾಪ್ ಇದೆ, ನಮ್ಮ ಮಾಲು ಸದಾ ಅವುಗಳಲ್ಲಿ ಹರಡಿಕೊಂಡಿರುತ್ತದೆ. ಈ ಒಂದು ಕೆಲಸ ಸರಿಯಾಗಿ ಬರದ ಸಾಫ್ಟ್‌ವೇರಿನಿಂದ ನಮಗೆ ಉಪಯೋಗವಿಲ್ಲ.

ಇಆರ್‌ಪಿನೆಕ್ಸ್ಟ್ ಮುಂಬೈಯ ಫ್ರಾಪೆ ಸಂಸ್ಥೆಯದು, ಮುಕ್ತ ತಂತ್ರಾಂಶ. ಎಷ್ಟು ಜನ ಬಳಸಿದರೂ ತಲೆಗಿಷ್ಟು ಎಂಬ ಲೈಸೆನ್ಸ್ ಶುಲ್ಕ ಇಲ್ಲ. ನಮಗೆ ಇದೇ ನಿರ್ಣಾಯಕವಾಯಿತು. ತಲೆಗೆ ಇಷ್ಟು ಎಂದಿದ್ದರೆ ಫೆಟ್ಲಿಂಗ್ (ಎರಕದ ಅಂಚು ಉಜ್ಜಿ ಚೊಕ್ಕ ಮಾಡುವ ಕೆಲಸ) ಸೂಪರ್‌ವೈಸರಿಗೆ, ಗೇಟಿನ ವಾಚ್‌ಮನ್‌ಗೆ, ಸ್ಯಾಂಡ್ ಪ್ಲಾಂಟಿನವರಿಗೆ ಲಾಗಿನ್ ಕೊಡಲು ಯಾವ ಮಾಲೀಕರೂ ಹಿಂದೆಮುಂದೆ ನೋಡುತ್ತಾರೆ, ಆಗ ಎಲ್ಲರ ಕೆಲಸವನ್ನೂ ಆಫೀಸಿನಲ್ಲಿ ಒಬ್ಬ ಹುಡುಗ ಸಂಜೆ ಕೂತು ತುಂಬುತ್ತಾನೆ. ಹಾಗಂತ ಇದು ಬಿಟ್ಟಿ ಎಂದು ಯಾರೂ ಭಾವಿಸಬೇಡಿ. ಸರ್ವರ್, ಅಳವಡಿಕೆ, ತರಬೇತಿ, ನಂತರದ ನಿರ್ವಹಣೆ ಎಲ್ಲಕ್ಕೂ ಖರ್ಚಿದೆ.

ಅಳವಡಿಕೆಗೆ ಹೊರಗಿನ ಒಂದು ಸಂಸ್ಥೆಯನ್ನು ಹಿಡಿದಿದ್ದೆವು. ನಮ್ಮ ಕೆಲಸವನ್ನೆಲ್ಲ ಕೂಲಂಕಷ ತಿಳಿದುಕೊಂಡಿದ್ದ ಅವರ ಕಡೆಯ ಹುಡುಗ ನಡುವೆಯೇ ಕೆಲಸ ಬಿಟ್ಟ. ಹೊಸಬ ಬಂದು "ಹೀಟ್ ನಂಬರ್ ಅಂದ್ರೇನು?" ಎಂದು ಮೊದಲಿನಿಂದ ಕೇಳತೊಡಗಿದ (ಭಟ್ಟಿಯಲ್ಲಿ ಒಂದು ಸಲ ಕರಗಿಸಿದ ಲೋಹವೇ ಒಂದು ಹೀಟ್, ಅದಕ್ಕೆ ಕೊಡುವ ಸಂಖ್ಯೆ ಅದು). ಆಗ ಮಾಲೀಕರು ತೆಗೆದುಕೊಂಡ ತೀರ್ಮಾನಕ್ಕೆ ನಾನು ಇವತ್ತೂ ಕೈಮುಗಿಯುತ್ತೇನೆ: ಇಲ್ಲಿನದೇ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ, ಪೈಥಾನ್ ಬಲ್ಲ ಒಬ್ಬ ಹುಡುಗಿಯನ್ನು ನಮ್ಮ ಪಗಾರಕ್ಕೇ ತೆಗೆದುಕೊಂಡರು. ವಿಟಿಯು ಇರುವ ಊರಿದು, ಅಂಥ ಮಕ್ಕಳಿಗೆ ಕೊರತೆಯಿಲ್ಲ. ಅವಳು ಮೊದಲು ಕಂಪ್ಯೂಟರ್ ಮುಟ್ಟಲಿಲ್ಲ. ಮೋಲ್ಡಿಂಗ್, ಕೋರ್ ಶಾಪ್, ಭಟ್ಟಿ, ಶಾಟ್ ಬ್ಲಾಸ್ಟ್ ಹತ್ತಿರ ನಿಂತು ನೋಡಿದಳು. ಇಂದು ನಮ್ಮ ಇಆರ್‌ಪಿ ನಿಂತಿರುವುದು ಅವಳ ಮೇಲೆ.

ಎಲ್ಲಕ್ಕಿಂತ ಹೆಚ್ಚು ಸಮಯ ತಿಂದದ್ದು ಐಟಂ ಮಾಸ್ಟರ್, ಅಂದರೆ ಸಾಫ್ಟ್‌ವೇರಿನೊಳಗಿನ ಎಲ್ಲ ಮಾಲಿನ ಮೂಲ ಪಟ್ಟಿ. ಒಂದೇ ಎರಕಕ್ಕೆ ಗ್ರಾಹಕರ ಪಾರ್ಟ್ ನಂಬರ್ ಒಂದು, ನಮ್ಮ ಪ್ಯಾಟರ್ನ್ (ಮರಳಿನಲ್ಲಿ ಅಚ್ಚು ಮೂಡಿಸುವ ಮಾದರಿ) ನಂಬರ್ ಒಂದು, ಕೆಲಸಗಾರರು ಕರೆಯುವ ಹೆಸರು ಇನ್ನೊಂದು. ಪ್ಯಾಟರ್ನ್ ನಂಬರನ್ನೇ ಐಟಂ ಕೋಡ್ ಮಾಡಿ ಉಳಿದವನ್ನು ಅದರಡಿ ಸೇರಿಸಿದೆವು. ಈ ಕೆಲಸಕ್ಕೆ ಹೊರಗಿನವರು ಬರುವುದಿಲ್ಲ, ಪ್ಯಾಟರ್ನ್ ಶಾಪಿನ ಹಿರಿಯರೊಬ್ಬರನ್ನು ಕೂರಿಸಿಕೊಂಡೇ ಮಾಡಬೇಕು.

ಇನ್ನು ತೂಕದ ಮಾತು. ಫೌಂಡ್ರಿಯವರು ಇಲ್ಲಿ ಗಮನ ಕೊಡಬೇಕು. ನಾವು ಕೊಳ್ಳುವುದು ಕಿಲೋದಲ್ಲಿ: ಪಿಗ್ ಐರನ್, ಸ್ಟೀಲ್ ಸ್ಕ್ರ್ಯಾಪ್. ಕರಗಿಸುವುದೂ ಕಿಲೋದಲ್ಲಿ. ಮೋಲ್ಡಿಂಗ್ ಎಣಿಸುವುದು ಬಾಕ್ಸಿನಲ್ಲಿ. ಮಾರುವುದು ಹೆಚ್ಚಾಗಿ ನಗದ (ಬಿಡಿ ಎಣಿಕೆಯ) ಮೇಲೆ, ಕೆಲವು ಗ್ರಾಹಕರಿಗೆ ಮತ್ತೆ ಕಿಲೋ ಮೇಲೆ. ಸಾಫ್ಟ್‌ವೇರ್ ಒಂದು ನಗಕ್ಕೆ ಇಷ್ಟು ಕಿಲೋ ಎಂಬ ಸ್ಥಿರ ಲೆಕ್ಕ ಇಟ್ಟುಕೊಳ್ಳುತ್ತದೆ. ಆದರೆ ಅಚ್ಚಿನ ಮರಳು ಸ್ವಲ್ಪ ಸರಿದರೂ ಎರಕದ ತೂಕ ಏರುತ್ತದೆ. ಆ ಹೆಚ್ಚುವರಿ ತೂಕ ಗ್ರಾಹಕನಿಗೆ ಪುಕ್ಕಟೆ ಹೋಗುತ್ತದೆ, ನಮ್ಮ ಸ್ಟಾಕಿನಲ್ಲಿ ಕಚ್ಚಾಮಾಲು ಕಾಣದೇ ಕರಗುತ್ತದೆ. ಹಾಗಾಗಿ ಪ್ರತಿ ತಿಂಗಳ ಕೊನೆಗೆ ಕರಗಿಸಿದ್ದೆಷ್ಟು, ಒಳ್ಳೆಯ ಎರಕವೆಷ್ಟು, ರಿಜೆಕ್ಷನ್ ಎಷ್ಟು, ವಾಪಸು ಭಟ್ಟಿಗೆ ಹೋದ ರನ್ನರ್-ರೈಸರ್ (ಅಚ್ಚಿಗೆ ಲೋಹ ಹರಿಸುವ ದಾರಿಯಲ್ಲಿ ಗಟ್ಟಿಯಾಗಿ ಉಳಿದ, ಕತ್ತರಿಸಿ ತೆಗೆದ ಭಾಗ) ಎಷ್ಟು ಎಂದು ಲೋಹದ ತಾಳೆ ಹಾಕುತ್ತೇವೆ. ರನ್ನರ್-ರೈಸರಿಗೆ ಬೆಲೆ ಸೊನ್ನೆ ಇಡಬೇಡಿ, ಸ್ಕ್ರ್ಯಾಪ್ ದರ ಇಡಿ. ಸೊನ್ನೆ ಇಟ್ಟರೆ ಎರಕದ ಉತ್ಪಾದನಾ ವೆಚ್ಚ ಉಬ್ಬಿ ಕಾಣುತ್ತದೆ, ದರ ಹೇಳುವಾಗ ಆರ್ಡರ್ ಕಳೆದುಕೊಳ್ಳುತ್ತೀರಿ.

ನಡುವೆ ಒಂದು ದೊಡ್ಡ ಜಗ್ಗಾಟವೂ ನಡೆಯಿತು. ಇಆರ್‌ಪಿನೆಕ್ಸ್ಟ್‌ನಲ್ಲಿ ಸ್ಟಾಕ್ ಇಲ್ಲದಿದ್ದರೂ ಮಾಲು ಹೊರಡಿಸಲು ಬಿಡುವ ಒಂದು ಸೆಟ್ಟಿಂಗ್ ಇದೆ. ನಾವು ಅದನ್ನು ಮುಚ್ಚಿಟ್ಟಿದ್ದೆವು. ಲಾರಿ ಗೇಟಿನಲ್ಲಿ ನಿಂತಿದೆ, ಬಿಲ್ಲು ಆಗುತ್ತಿಲ್ಲ. ಸೂಪರ್‌ವೈಸರ್ ಆಫೀಸಿಗೆ ಬಂದವರೇ, "ಮಾಲು ಕಣ್ಮುಂದ ಐತ್ರೀ ಮೇಡಂ, ಇದು ನೋಡಿದ್ರ ಇಲ್ಲ ಅಂತೈತಿ" ಎಂದರು. ಫೆಟ್ಲಿಂಗ್ ಮುಗಿದ ನಮೂದು ಆಗಿರಲಿಲ್ಲ, ಹಾಗಾಗಿ ಲೆಕ್ಕದಲ್ಲಿ ಮಾಲು ಇರಲಿಲ್ಲ. ಆ ಸೆಟ್ಟಿಂಗ್ ತೆರೆಯಿರಿ ಎಂದು ಎಲ್ಲ ಕಡೆಯಿಂದ ಒತ್ತಡ ಬಂತು. ನಾನು ಒಪ್ಪಲಿಲ್ಲ. ಒಮ್ಮೆ ತೆರೆದರೆ ಸ್ಟಾಕಿನ ಅಂಕಿಯನ್ನು ಯಾರೂ ನಂಬುವುದಿಲ್ಲ. ಬದಲಿಗೆ ಭಟ್ಟಿಯ ಹತ್ತಿರ ಕಾಗದದ ಹೀಟ್ ಕಾರ್ಡನ್ನು ಹಾಗೇ ಉಳಿಸಿಕೊಂಡು, ಶಿಫ್ಟ್ ಮುಗಿಯುವ ಮೊದಲು ಅದನ್ನು ತುಂಬಲು ಇನ್‌ಸ್ಪೆಕ್ಷನ್ ಕ್ಯಾಬಿನ್ನಿನಲ್ಲಿ ಒಂದು ಕಂಪ್ಯೂಟರ್ ಇಟ್ಟೆವು. ಕರಿಮಣ್ಣು ಹಾರಾಡುವ ಕಡೆ, ಕೈಗವಸು ಹಾಕಿದವರ ಕೈಗೆ ಟ್ಯಾಬ್ಲೆಟ್ ಕೊಡುವುದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ.

ಆ ಸೂಪರ್‌ವೈಸರ್ ಮನಸ್ಸು ತಿರುಗಿದ್ದು ನನ್ನ ಮಾತಿನಿಂದಲ್ಲ, ಒಂದು ದೂರಿನಿಂದ. ಎಸ್‌ಜಿ ಐರನ್ನಿನ ಒಂದು ಎರಕ ಗ್ರಾಹಕರ ಪರೀಕ್ಷೆಯಲ್ಲಿ ಬೇಕಾದಷ್ಟು ಹಿಗ್ಗಲಿಲ್ಲ ಎಂದು ವಾಪಸು ಬಂತು. ಎಸ್‌ಜಿ ಐರನ್ನಿನಲ್ಲಿ ಮೆಗ್ನೀಸಿಯಂ ಸೇರಿಸಿದ ಮೇಲೆ ಹೊತ್ತು ಹೋದಂತೆ ಅದರ ಪ್ರಮಾಣ ಇಳಿಯುತ್ತದೆ, ಲ್ಯಾಡಲ್‌ನ (ಕರಗಿದ ಲೋಹ ಹುಯ್ಯುವ ಪಾತ್ರೆಯ) ಕೊನೆಯ ಅಚ್ಚುಗಳಲ್ಲಿ ಗ್ರಾಫೈಟ್ ಗುಂಡಗಾಗದೆ ಉಳಿಯುತ್ತದೆ. ಮೊದಲಾಗಿದ್ದರೆ ಕಳಿಸಿದ ಅಷ್ಟೂ ಮಾಲನ್ನು ತರಿಸಿ ಒಂದೊಂದಾಗಿ ನೋಡಬೇಕಿತ್ತು. ನಾವು ಹೀಟ್ ನಂಬರನ್ನೇ ಬ್ಯಾಚ್ ನಂಬರ್ ಮಾಡಿ, ಸ್ಪೆಕ್ಟ್ರೋದ (ಲೋಹದಲ್ಲಿ ಯಾವುದೆಷ್ಟಿದೆ ಎಂದು ಅಳೆಯುವ ಯಂತ್ರದ) ಅಂಕಿಗಳನ್ನು ಅದಕ್ಕೇ ಜೋಡಿಸಿಟ್ಟಿದ್ದೆವು. ಆ ಹೀಟಿನ ಮಾಲು ಎಲ್ಲೆಲ್ಲಿ ಹೋಗಿದೆ, ಜಾಬ್‌ವರ್ಕಿನವರ ಹತ್ತಿರ ಎಷ್ಟಿದೆ, ನಮ್ಮಲ್ಲಿ ಎಷ್ಟುಳಿದಿದೆ ಎಲ್ಲ ಅಲ್ಲೇ ಸಿಕ್ಕಿತು. ಅಷ್ಟನ್ನೇ ಬೇರೆ ಮಾಡಿ ತಪಾಸಿಸಿದೆವು. ಮರುದಿನದಿಂದ ಅವರ ಹೀಟ್ ಕಾರ್ಡಿನಲ್ಲಿ ಲ್ಯಾಡಲ್ ತುಂಬಿದ ಹೊತ್ತು, ಕೊನೆಯ ಅಚ್ಚು ಹುಯ್ದ ಹೊತ್ತು ಎರಡೂ ಬರೆದು ಬರತೊಡಗಿದವು.

ಲೆಕ್ಕದ ಕಡೆ ಎರಡು ಮಾತು. ಕಂಪನಿಗಳ ಲೆಕ್ಕದ ಸಾಫ್ಟ್‌ವೇರಿನಲ್ಲಿ ಪ್ರತಿ ತಿದ್ದುಪಡಿಯ ದಾಖಲೆ ಉಳಿಯಬೇಕು, ಅದನ್ನು ಬಂದ್ ಮಾಡಲು ಬರಬಾರದು ಎಂಬ ನಿಯಮ 2023ರ ಏಪ್ರಿಲ್ 1ರಿಂದ ಇದೆ. ಇಲ್ಲಿ ಸಬ್ಮಿಟ್ ಮಾಡಿದ ಬಿಲ್ಲನ್ನು ತಿದ್ದಲು ಆಗುವುದಿಲ್ಲ, ರದ್ದು ಮಾಡಿ ಹೊಸದು ಮಾಡಬೇಕು, ಹಳೆಯದು ಹಾಗೇ ಉಳಿಯುತ್ತದೆ. ಶುರುವಿಗೆ ನಮ್ಮ ಹುಡುಗರಿಗೆ ಇದು ಕಿರಿಕಿರಿ, ಆಡಿಟ್ ಬಂದಾಗ ಸಮಾಧಾನ. ಎರಡನೆಯದು, 1961ರ ಆದಾಯ ತೆರಿಗೆ ಕಾಯ್ದೆಯ 43ಬಿ(ಎಚ್) ತಂದ ನಿಯಮ. ಸಣ್ಣ ಉದ್ದಿಮೆಗಳಿಗೆ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡದಿದ್ದರೆ, ಕೊಟ್ಟ ವರ್ಷವೇ ಆ ಖರ್ಚು ಲೆಕ್ಕಕ್ಕೆ ಬರುತ್ತದೆ. ನಮ್ಮ ಜಾಬ್‌ವರ್ಕಿನವರು ಬಹುಪಾಲು ಸಣ್ಣವರೇ. ಅವರ ಉದ್ಯಮ್ ನೋಂದಣಿಯನ್ನು (ಸಣ್ಣ ಉದ್ದಿಮೆ ಎಂಬ ಸರ್ಕಾರಿ ನೋಂದಣಿ) ಸಪ್ಲೈಯರ್ ಮಾಸ್ಟರಿನಲ್ಲಿ ಹಾಕಿ, ವಾರಕ್ಕೊಮ್ಮೆ ಬಾಕಿ ಪಟ್ಟಿ ತೆಗೆಯುತ್ತೇವೆ. ನಾಲ್ಕು ಲೇತ್ ಇಟ್ಟುಕೊಂಡು ದುಡಿಯುವವರಿಗೆ ಹಣ ಹೊತ್ತಿಗೆ ಸರಿಯಾಗಿ ಮುಟ್ಟುತ್ತಿದೆ, ಅದು ನನಗೆ ತೆರಿಗೆಗಿಂತ ದೊಡ್ಡ ವಿಷಯ.

ಎಚ್ಚರಿಕೆ ಬೇಕಾದ ಕಡೆಗಳೂ ಇವೆ. ಹಿಂದಿನ ತಾರೀಖಿಗೆ ಸ್ಟಾಕ್ ನಮೂದು ಹಾಕಿದರೆ ಅಲ್ಲಿಂದ ಮುಂದಿನ ಎಲ್ಲ ಬೆಲೆಯನ್ನೂ ಅದು ಮತ್ತೆ ಲೆಕ್ಕ ಹಾಕುತ್ತದೆ, ನಿನ್ನೆ ನೋಡಿದ ಲಾಭ ಇವತ್ತು ಬೇರೆ ಕಾಣುತ್ತದೆ. ತಿಂಗಳು ಮುಗಿದೊಡನೆ ಹಿಂದಿನ ತಾರೀಖನ್ನು ಫ್ರೀಜ್ ಮಾಡುವುದು ರೂಢಿಯಾಗಬೇಕು. ಆವೃತ್ತಿ ಬದಲಾವಣೆಯೂ ಹಗುರವಲ್ಲ. 14ನೇ ಆವೃತ್ತಿಯಲ್ಲಿ ಜಾಬ್‌ವರ್ಕಿನ ಪದ್ಧತಿಯೇ ಬದಲಾಯಿತು. ಭಾರತದ ಜಿಎಸ್‌ಟಿ ಭಾಗ, ಪಗಾರದ ಭಾಗ ಎರಡೂ ಪ್ರತ್ಯೇಕ ಆ್ಯಪ್‌ಗಳಾದವು. ನಕಲು ಪ್ರತಿಯ ಮೇಲೆ ಇಡೀ ತಿಂಗಳ ವಹಿವಾಟು ಓಡಿಸಿ ನೋಡಿಯೇ ನಾವು ದಾಟಿದೆವು. ಹೀಟ್ ಕಾರ್ಡ್, ಪ್ಯಾಟರ್ನ್ ರಿಜಿಸ್ಟರ್, ಹೀಟಿಗೆ ಎಷ್ಟು ಯೂನಿಟ್ ಕರೆಂಟ್ ಹೋಯಿತು ಎಂಬ ನಮೂದು, ಈ ಮೂರರ ಹೊರತು ಸ್ವಂತಕ್ಕೆ ಹೆಚ್ಚೇನೂ ಮಾಡಿಸದೇ ಇದ್ದದ್ದರಿಂದ ಅದು ಸಾಧ್ಯವಾಯಿತು.

ಉತ್ಪಾದನಾ ಯೋಜನೆ ಮಾತ್ರ ಇನ್ನೂ ಎಕ್ಸೆಲ್‌ನಲ್ಲೇ ಇದೆ. ಗ್ರಾಹಕರ ಶೆಡ್ಯೂಲ್ ವಾರವಾರ ಬದಲಾಗುತ್ತದೆ, ಒಂದೇ ಹೀಟಿನಲ್ಲಿ ಒಂದೇ ಗ್ರೇಡಿನ ಬೇರೆ ಬೇರೆ ಪ್ಯಾಟರ್ನುಗಳನ್ನು ಕೂಡಿಸಿ ಭಟ್ಟಿ ತುಂಬಬೇಕಾಗುತ್ತದೆ. ಐಟಂ ಒಂದೊಂದಕ್ಕೆ ಯೋಜನೆ ಹಾಕುವ ಅದರ ಸಿದ್ಧ ಕ್ರಮಕ್ಕೆ ಇದು ಹೊಂದುವುದಿಲ್ಲ. ನಮ್ಮ ಹುಡುಗಿ ಗ್ರೇಡುವಾರು ಬಾಕಿ ಆರ್ಡರನ್ನು ಕಿಲೋದಲ್ಲಿ ತೋರಿಸುವ ಒಂದು ವರದಿ ಬರೆಯುತ್ತಿದ್ದಾಳೆ. ಸದ್ಯ ಮೋಲ್ಡಿಂಗ್ ಶಾಪಿನವರು ಅದನ್ನು ದಿನಾ ಬೆಳಿಗ್ಗೆ ತಮ್ಮ ಎಕ್ಸೆಲ್ ಜೊತೆ ಇಟ್ಟು ತಾಳೆ ನೋಡುತ್ತಿದ್ದಾರೆ.