ಕೊಡಗಿನ ಅರಮನೆ, ದೇವಸ್ಥಾನ, ಕೋಟೆ ಗ್ರೂಪ್ ಟೂರ್: ಗಾಡಿ ಸರಿ, ಗಡಿಯಾರ ತಪ್ಪು

ಅಬ್ಬಿ ಜಲಪಾತ, ದುಬಾರೆ ಆನೆ, ರಾಜಾಸೀಟು, ಇಷ್ಟಕ್ಕೇ ಕೊಡಗನ್ನು ಮುಗಿಸುವ ಪ್ಯಾಕೇಜ್‌ಗಳೇ ಹೆಚ್ಚು. ಕೊಡಗನ್ನಾಳಿದ ಹಾಲೇರಿ ಅರಸರು ಕಟ್ಟಿದ್ದನ್ನೇ ಹಿಡಿದು ಎರಡು ದಿನ ಸುತ್ತಿಸುವವರು ಕಡಿಮೆ. ಮಡಿಕೇರಿಯಲ್ಲೇ ಹತ್ತಿಸಿಕೊಂಡು ಮಡಿಕೇರಿಯಲ್ಲೇ ಇಳಿಸುವ ಈ ಗ್ರೂಪ್ ಟೂರ್ ಆ ಕಡಿಮೆಯವರ ಪೈಕಿ. ಮೊದಲ ದಿನ ಕೋಟೆ, ಅದರೊಳಗಿನ ಅರಮನೆ ಮತ್ತು ಮ್ಯೂಸಿಯಂ, ಅರಸರ ಸಮಾಧಿಗಳಿರುವ ಗದ್ದಿಗೆ, ಓಂಕಾರೇಶ್ವರ ದೇವಸ್ಥಾನ. ಎರಡನೇ ದಿನ ಭಾಗಮಂಡಲ, ತಲಕಾವೇರಿ, ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ, ಕೊನೆಗೆ ನಾಲ್ಕುನಾಡು ಅರಮನೆ. ಜಾಗಗಳ ಪಟ್ಟಿಗೆ ನೂರಕ್ಕೆ ತೊಂಬತ್ತು ಕೊಡಬಹುದು. ಅವನ್ನು ಜೋಡಿಸಿದ ಕ್ರಮಕ್ಕೆ ನಲವತ್ತು ಕೊಡುವುದೂ ಕಷ್ಟ.

ಮೊದಲು ಗಾಡಿಯ ಮಾತು ಮುಗಿಸೋಣ. 17 ಸೀಟಿನ ಟಿಟಿ (ಟೆಂಪೋ ಟ್ರಾವೆಲರ್), ಹಳದಿ ಬೋರ್ಡು, ಪುಷ್‌ಬ್ಯಾಕ್ ಸೀಟು. ಬ್ಯಾಗುಗಳನ್ನೂ ತುಂಬಿದರೆ 14 ಜನಕ್ಕೆ ಆರಾಮ, 17 ಜನಕ್ಕೆ ಮೊಣಕಾಲಿನ ತಕರಾರು. ಮೇಕೇರಿ ದಾಟಿದ ಮೇಲೆ ತಿರುವುಗಳೇ. ಹಿಂದಿನ ಸಾಲಿನವರಿಗೆ ಹೊಟ್ಟೆ ತೊಳಸುವುದು ಖಚಿತ. ಅಭ್ಯಾಸವಿಲ್ಲದವರು ಮುಂದಿನ ಎರಡು ಸಾಲು ಹಿಡಿಯಬೇಕು, ವಾಂತಿ ಮಾತ್ರೆಯನ್ನು ಹೊರಡುವ ಅರ್ಧ ಗಂಟೆ ಮೊದಲೇ ನುಂಗಬೇಕು. ಸುತ್ತು ಶುರುವಾದ ಮೇಲೆ ನುಂಗಿದರೆ ಮಾತ್ರೆಯೂ ಹೊರಗೆ ಬರುತ್ತದೆ. ದೊಡ್ಡ ಗುಂಪಿಗೆ 49 ಸೀಟಿನ ಬಸ್ಸು ಕೊಡುತ್ತೇವೆ ಅಂದರೆ ಒಪ್ಪಬೇಡಿ. ನಾಲ್ಕುನಾಡು ಅರಮನೆಗೆ ಏರುವ ಕೊನೆಯ ದಾರಿ ಕಿರಿದು; ಬಸ್ಸು ಕೆಳಗೇ ನಿಂತು, ವಯಸ್ಸಾದವರು ಅಲ್ಲೇ ಕೂರಬೇಕಾಗುತ್ತದೆ. ಎರಡು ಟಿಟಿಯೇ ವಾಸಿ.

ಮೊದಲ ದಿನದ ಎಡವಟ್ಟು ಹೀಗಿದೆ. ಬೆಳಿಗ್ಗೆ ಹತ್ತೂವರೆಗೆ ಕೋಟೆ, ಆಮೇಲೆ ಗದ್ದಿಗೆ, ಹನ್ನೆರಡು ಕಾಲಿಗೆ ಓಂಕಾರೇಶ್ವರ. ಅಷ್ಟರಲ್ಲಿ ಗುಡಿಯ ಬಾಗಿಲು ಹಾಕಿರುತ್ತಾರೆ, ಮತ್ತೆ ತೆಗೆಯುವುದು ಸಂಜೆಗೆ. ಹೊರಗಿನಿಂದ ಕೊಳದ ಫೋಟೊ ತೆಗೆದುಕೊಂಡು ವಾಪಸ್. ಇದನ್ನು ತಿರುಗಿಸಿ ಹಾಕಿದರೆ ಎಲ್ಲವೂ ಸಲೀಸು: ಎಂಟೂವರೆಗೆ ಓಂಕಾರೇಶ್ವರ, ಹತ್ತಕ್ಕೆ ಕೋಟೆ, ಹನ್ನೆರಡೂವರೆಗೆ ಗದ್ದಿಗೆ. ಗದ್ದಿಗೆಯಲ್ಲಿ ನೋಡಬೇಕಾದದ್ದು ಕಟ್ಟಡ, ಅದಕ್ಕೆ ಪೂಜೆಯ ಹೊತ್ತಿನ ಗೊಡವೆಯಿಲ್ಲ. ಒಂದು ರೂಪಾಯಿ ಖರ್ಚಿಲ್ಲದ ಈ ಬದಲಾವಣೆಯನ್ನು ಬುಕ್ಕಿಂಗ್ ಮಾಡುವಾಗಲೇ ಕೇಳಿ. ಕೇಳಿದವರಿಗೆ ಮಾಡಿಕೊಡುತ್ತಾರೆ.

ಕೋಟೆಗೆ ಇವರು ಕೊಡುವುದು 45 ನಿಮಿಷ. ಅದು ಸಾಲದು, ಒಂದೂಮುಕ್ಕಾಲು ಗಂಟೆ ಬೇಕೇ ಬೇಕು. ಮುದ್ದುರಾಜ 1681ರಲ್ಲಿ ಹಾಲೇರಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದು ಕಟ್ಟಿಸಿದ್ದು ಮಣ್ಣಿನ ಕೋಟೆ. ಅದನ್ನು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಹೆಸರಿಟ್ಟವನು ಟಿಪ್ಪು. 1790ರಲ್ಲಿ ದೊಡ್ಡ ವೀರರಾಜೇಂದ್ರ ಅದನ್ನು ಮರಳಿ ಹಿಡಿದ. ಇಂದು ಕಾಣುವ ಅರಮನೆ 1812ರಿಂದ 1814ರ ನಡುವೆ ಇಮ್ಮಡಿ ಲಿಂಗರಾಜೇಂದ್ರ ಹೊಸದಾಗಿ ಕಟ್ಟಿಸಿದ್ದು. ಗೈಡ್ ಮಾತ್ರ ಕೋಟೆ, ಅರಮನೆ ಎರಡನ್ನೂ ಒಂದೇ ಉಸಿರಿನಲ್ಲಿ ಟಿಪ್ಪುವಿನ ಲೆಕ್ಕಕ್ಕೆ ಹಾಕಿಬಿಡುತ್ತಾರೆ.

ಕೋಟೆ ಗುಡ್ಡದ ಆಕಾರವನ್ನೇ ಹಿಡಿದು ಎದ್ದಿರುವ ಓರೆಕೋರೆ ಷಟ್ಕೋನ. ಆರು ಮೂಲೆಗೂ ದುಂಡು ಬುರುಜು. ಪೂರ್ವದ ಬಾಗಿಲಲ್ಲಿ ದಾರಿ ನೇರ ಒಳಗೆ ಬಿಡುವುದಿಲ್ಲ, ಸುತ್ತಿಸಿ ಸುತ್ತಿಸಿ ಒಯ್ಯುತ್ತದೆ. ನುಗ್ಗಿ ಬರುವ ದಂಡಿನ ವೇಗ ಮುರಿಯುವ ಉಪಾಯ ಅದು. ಟಿಟಿಯಲ್ಲಿ ಸರ್ರನೆ ಒಳಗೆ ಹೋದರೆ ಇದು ಗೊತ್ತೇ ಆಗುವುದಿಲ್ಲ, ಆದ್ದರಿಂದ ಕೆಳಗೆ ಇಳಿದು ನಡೆದೇ ಹತ್ತಿ. ಒಳಗೆ ಗಾರೆಯಲ್ಲಿ ಮಾಡಿದ ಆಳೆತ್ತರ ಮೀರಿದ ಎರಡು ಆನೆಗಳಿವೆ, ಎಲ್ಲರೂ ಅಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ರಾಜ ಸಿಟ್ಟಿನಲ್ಲಿ ಆನೆಗಳನ್ನು ಕೊಂದು ಆಮೇಲೆ ಮರುಗಿ ಈ ಬೊಂಬೆ ಮಾಡಿಸಿದನೆಂಬುದು ಬಾಯಿಂದ ಬಾಯಿಗೆ ಬಂದ ಕಥೆ, ಕಥೆಯಾಗಿಯೇ ಕೇಳಿ. ಅರಮನೆಯ ಮುಂದಿನ ಗಡಿಯಾರ ಗೋಪುರ ರಾಜರದ್ದಲ್ಲ, 1933ರ ಬ್ರಿಟಿಷ್ ಸೇರ್ಪಡೆ. ಈ ಅರಮನೆಯಲ್ಲಿ ಬಹುಕಾಲ ಸರ್ಕಾರಿ ಕಚೇರಿಗಳಿದ್ದವು. ದರ್ಬಾರ್ ಹಾಲು, ಸಿಂಹಾಸನ ಎಂದು ಮೈಸೂರು ಅರಮನೆಯ ಲೆಕ್ಕದಲ್ಲಿ ಬಂದವರಿಗೆ ನಿರಾಸೆ ತಪ್ಪದು. ಒಳಗೆ ಎಷ್ಟು ಭಾಗ ನೋಡಲು ಬಿಡುತ್ತಾರೆಂದು ಆ ದಿನ ಅಲ್ಲೇ ವಿಚಾರಿಸಬೇಕು.

ಮ್ಯೂಸಿಯಂ ಇರುವುದು ಹಳೆಯ ಸೇಂಟ್ ಮಾರ್ಕ್ಸ್ ಚರ್ಚಿನಲ್ಲಿ. ಅಲ್ಲಿದ್ದ ವೀರಭದ್ರ ಗುಡಿಯನ್ನು ತೆಗೆಸಿ 1855ರಲ್ಲಿ ಕಟ್ಟಿದ ಚರ್ಚು ಅದು. ವೀರಗಲ್ಲು, ಆಯುಧ ನೋಡಿ ಹೊರಡುವವರು ತಲೆಯೆತ್ತಿ ಬಣ್ಣದ ಗಾಜಿನ ಕಿಟಕಿಗಳನ್ನೂ ನೋಡಲಿ. ಸೋಮವಾರ ಮ್ಯೂಸಿಯಂಗೆ ರಜೆ. ಹಾಗಿದ್ದರೂ ಈ ಪ್ಯಾಕೇಜು ಭಾನುವಾರ–ಸೋಮವಾರದ ಬ್ಯಾಚನ್ನೂ ಮಾರುತ್ತದೆ, ಮೊದಲ ದಿನ ಮಳೆಯಿಂದಲೋ ತಡವಾಗಿಯೋ ತಪ್ಪಿದ್ದನ್ನು ‘ನಾಳೆ ತೋರಿಸ್ತೀವಿ’ ಎನ್ನುತ್ತದೆ. ಆ ನಾಳೆ ಸೋಮವಾರವಾಗಿರುತ್ತದೆ.

ಓಂಕಾರೇಶ್ವರದ ವಿಷಯದಲ್ಲಿ ಒಂದು ಸ್ಪಷ್ಟನೆ ಅಗತ್ಯ, ಏಕೆಂದರೆ ಪ್ರತಿ ಗುಂಪಿನಲ್ಲೂ ಒಬ್ಬರು ‘ಇದು ಮೊದಲು ಮಸೀದಿಯಾಗಿತ್ತಾ?’ ಎಂದು ಕೇಳುತ್ತಾರೆ, ಗೈಡ್ ನಕ್ಕು ಸುಮ್ಮನಾಗುತ್ತಾರೆ. ಇಲ್ಲ, ಆಗಿರಲಿಲ್ಲ. 1820ರಲ್ಲಿ ಲಿಂಗರಾಜೇಂದ್ರ ಶಿವಾಲಯವೆಂದೇ ಕಟ್ಟಿಸಿದ್ದು. ನಡುವೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರಿನಂಥ ಗೋಪುರ, ಒಳಗೆ ಕಂಬಗಳ ಮಂಟಪವಿಲ್ಲ. ಆ ಕಾಲದ ಶೈಲಿ ಅದು. ಕಿಟಕಿಯ ಸರಳುಗಳಲ್ಲಿ ‘ಲಿಂ’ ಎಂಬ ಅಕ್ಷರ ಹುಡುಕಿ, ಕಟ್ಟಿಸಿದವನ ಸಹಿ ಅದು. ಗದ್ದಿಗೆಯಲ್ಲೂ ಇದೇ ಗುಮ್ಮಟ ಕಂಡು ಇದೇ ಗೊಂದಲ. ಹಾಲೇರಿ ಅರಸರು ಲಿಂಗಾಯತರು, ಹಾಗಾಗಿ ಸಮಾಧಿ, ಕಾವಲಿಗೆ ನಂದಿ. ಅಲ್ಲಿ ದೊಡ್ಡ ವೀರರಾಜೇಂದ್ರ, ಲಿಂಗರಾಜೇಂದ್ರರ ಗದ್ದಿಗೆಗಳ ಮುಂದೆಯೇ ಎಲ್ಲರೂ ತಿರುಗಿಬಿಡುತ್ತಾರೆ. ಹತ್ತಿರದಲ್ಲೇ ಟಿಪ್ಪುವಿನ ವಿರುದ್ಧ ಹೋರಾಡಿ ಮಡಿದ ಬಿದ್ದಂಡ ಬೋಪುವಿನ ಸಮಾಧಿಯೂ ಇದೆ. ಸೇನಾನಿಗೆ ಅರಸರ ಮಗ್ಗುಲಲ್ಲಿ ಜಾಗ ಕೊಟ್ಟದ್ದು ಸಣ್ಣ ಮಾತಲ್ಲ. ಟೂರ್‌ನವರ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ.

ಎರಡನೇ ದಿನ ಮಡಿಕೇರಿಯಿಂದ ಭಾಗಮಂಡಲಕ್ಕೆ ಸುಮಾರು 35 ಕಿ.ಮೀ., ಅಲ್ಲಿಂದ ತಲಕಾವೇರಿ 8 ಕಿ.ಮೀ. ಸಂಪ್ರದಾಯ ಬಲ್ಲ ಹಿರಿಯರು ಮೊದಲು ಸಂಗಮದಲ್ಲಿ ಮಿಂದು, ಭಗಂಡೇಶ್ವರನಿಗೆ ಕೈಮುಗಿದು, ಆಮೇಲೆ ಮೇಲೆ ಹೋಗಬೇಕೆನ್ನುತ್ತಾರೆ, ಅದೇ ಸರಿ. ಆದರೆ ಅದಕ್ಕೆ ಮಡಿಕೇರಿಯನ್ನು ಆರೂವರೆಗೆ ಬಿಡಬೇಕು. ಇವರು ಬಿಡುವುದು ಎಂಟೂವರೆಗೆ, ಕಾರಣ ಹೋಟೆಲಿನ ತಿಂಡಿ ಎಂಟಕ್ಕೆ. ತಿಂಡಿಯನ್ನು ಭಾಗಮಂಡಲಕ್ಕೆ ದಾಟಿಸಿದರೆ ಎರಡು ಗಂಟೆ ಉಳಿಯುತ್ತದೆ. ಒದ್ದೆ ಬಟ್ಟೆಗೆ ಒಂದು ಪ್ಲಾಸ್ಟಿಕ್ ಚೀಲ, ಗಂಡಸರಿಗೆ ಒಂದು ಪಂಚೆ, ಎಲ್ಲರಿಗೂ ಸ್ವೆಟರ್ ಇರಲಿ. ತಲಕಾವೇರಿ 1276 ಮೀಟರ್ ಎತ್ತರದಲ್ಲಿದೆ, ಗಾಳಿ ಮೈ ಕೊರೆಯುತ್ತದೆ. ಭಗಂಡೇಶ್ವರದಲ್ಲಿ ಮರದ ಕೆತ್ತನೆ ಮತ್ತು ತಾಮ್ರದ ಹೊದಿಕೆಯ ಮಾಡು ನೋಡಲು ಒಂದು ಸುತ್ತು ನಿಧಾನವಾಗಿ ಹಾಕಿ.

ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣದ ವಾರ ಈ ಟೂರ್ ಬುಕ್ ಮಾಡಲೇಬೇಡಿ. ತಲಕಾವೇರಿಯಲ್ಲಿ ಕಾವೇರಿ ಉಕ್ಕುವ ತೀರ್ಥೋದ್ಭವಕ್ಕೆಂದೇ ಬರುವುದಾದರೆ ಬೇರೆ ಮಾತು. ಆಗ ಅರಮನೆ, ಕೋಟೆ ಎಲ್ಲ ಮರೆತು ಅದೊಂದಕ್ಕೇ ಬನ್ನಿ. ದಸರೆಯಲ್ಲಿ ಹತ್ತು ದೇವಸ್ಥಾನಗಳ ಮಂಟಪಗಳ ಮೆರವಣಿಗೆ ಹೊರಡುವ ದಶಮಂಟಪದ ರಾತ್ರಿಯೂ ಅಷ್ಟೇ, ಮಡಿಕೇರಿಯೊಳಗೆ ಗಾಡಿ ಅಲ್ಲಾಡುವುದಿಲ್ಲ. ಜುಲೈ–ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿದರೆ ಭಾಗಮಂಡಲ, ನಾಪೋಕ್ಲು ಕಡೆ ರಸ್ತೆಗೇ ನೀರು. ಆಗ ಹಣ ವಾಪಸ್ ಕೊಡುತ್ತೀರಾ, ದಿನ ಬದಲಿಸುತ್ತೀರಾ ಎಂಬುದನ್ನು ಬರಹದಲ್ಲಿ ಪಡೆಯಿರಿ. ‘ನೋಡೋಣ ಸಾರ್’ ಎಂಬುದು ಉತ್ತರವಲ್ಲ.

ನಾಲ್ಕುನಾಡು ಅರಮನೆಗೆ ಇವರು ತಲುಪುವುದು ಸಂಜೆ ಐದರ ಹೊತ್ತಿಗೆ. ಇಡೀ ಟೂರ್‌ನ ಅತ್ಯುತ್ತಮ ಜಾಗವನ್ನು ಕತ್ತಲಿಗೆ ಬಿಟ್ಟುಕೊಟ್ಟ ಹಾಗೆ. ತಡಿಯಂಡಮೋಳ್ ಬೆಟ್ಟದ ಬುಡದ ಈ ಎರಡಂತಸ್ತಿನ ಮನೆ 1792–94ರಲ್ಲಿ ದೊಡ್ಡ ವೀರರಾಜೇಂದ್ರ ಕಟ್ಟಿಸಿದ್ದು. 1788ರಲ್ಲಿ ಪಿರಿಯಾಪಟ್ಟಣದಲ್ಲಿ ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಅರಸನಿಗೆ ಮೆರೆಯುವ ಅರಮನೆಗಿಂತ ಅಡಗುವ ಮನೆ ಮುಖ್ಯವಾಗಿತ್ತು. ಕೋಣೆಗಳು ಚಿಕ್ಕವು, ಕೆಲವು ಕಗ್ಗತ್ತಲು. ಮರದ ಕೆತ್ತನೆ, ಗೋಡೆಯ ಮಸುಕು ಚಿತ್ರ ಕಾಣಬೇಕಾದರೆ ಹಗಲ ಬೆಳಕು ಬೇಕು, ಜೊತೆಗೆ ಒಂದು ಒಳ್ಳೆಯ ಟಾರ್ಚು. ಮೊಬೈಲಿನ ಬೆಳಕು ಸಾಲದು. ಹದಿನೇಳು ಜನ ಒಟ್ಟಿಗೆ ಮೇಲೆ ಹತ್ತಿದರೆ ಯಾರಿಗೂ ಏನೂ ಕಾಣದು, ಆರಾರು ಮಂದಿಯಾಗಿ ಹೋಗಿ. ಎದುರಿನ ಪುಟ್ಟ ಮಂಟಪದಲ್ಲಿ 1796ರಲ್ಲಿ ಅರಸನ ಮತ್ತು ಮಹದೇವಮ್ಮನ ಮದುವೆ ನಡೆಯಿತು. 1834ರಲ್ಲಿ ಬ್ರಿಟಿಷರ ದಂಡು ಬಂದಾಗ ಕೊನೆಯ ಅರಸ ಚಿಕ್ಕ ವೀರರಾಜೇಂದ್ರ ಬಂದು ಸೇರಿದ್ದೂ ಇಲ್ಲಿಗೇ. ಈ ಜಾಗದಲ್ಲಿ ಮಾತ್ರ ಗೈಡ್ ಬಾಯಿಬಿಟ್ಟರೆ ಕೇಳುವಂತಿರುತ್ತದೆ, ಅದನ್ನು ಒಪ್ಪಬೇಕು.

ಮಳೆಗಾಲದಲ್ಲಿ ಇಲ್ಲಿ ಜಿಗಣೆ ಧಾರಾಳ. ಉದ್ದ ಕಾಲುಚೀಲದೊಳಗೆ ಪ್ಯಾಂಟು ಸೇರಿಸಿ, ಉಪ್ಪಿನ ಪೊಟ್ಟಣ ಜೇಬಿನಲ್ಲಿಡಿ. ಹತ್ತಿದ್ದನ್ನು ಎಳೆದು ಕೀಳಬೇಡಿ, ಗಾಯದಲ್ಲಿ ರಕ್ತ ನಿಲ್ಲುವುದು ತಡವಾಗುತ್ತದೆ.

ಊಟದ ಬಗ್ಗೆ ದೂರಿಲ್ಲ. ರಾತ್ರಿ ಕಡಂಬುಟ್ಟು (ಅಕ್ಕಿ ಕಡುಬು), ಪಂದಿಕರಿ (ಹಂದಿ ಮಾಂಸದ ಸಾರು). ಸಸ್ಯಾಹಾರಿಗಳಿಗೆ ನೂಲ್‌ಪುಟ್ಟು (ಅಕ್ಕಿ ಶಾವಿಗೆ), ಕಾಲಕ್ಕೆ ತಕ್ಕಂತೆ ಬೈಂಬಳೆ (ಕಳಲೆ) ಕರಿ. ಪಂದಿಕರಿಗೆ ಕಾಚಂಪುಳಿ ಎಂಬ ಕೊಡಗಿನ ಕಪ್ಪು ಹುಳಿ ನಿಜವಾಗಿ ಹಾಕಿದ್ದಾರೆ, ಕಪ್ಪು ಬಣ್ಣದಲ್ಲೇ ಗೊತ್ತಾಗುತ್ತದೆ. ತಕರಾರಿರುವುದು ದಾರಿಯ ಅಂಗಡಿಗಳ ಬಗ್ಗೆ. ‘ಹೋಂಮೇಡ್ ಚಾಕೊಲೇಟ್’, ಜೇನು, ಕಾಫಿಪುಡಿ ಎಂದು ಎರಡು ದಿನದಲ್ಲಿ ಮೂರು ಕಡೆ ನಿಲ್ಲಿಸಿ ಒಟ್ಟು ಎರಡು ಗಂಟೆ ಕಳೆಯುತ್ತಾರೆ. ಕೋಟೆಗೆ ಕಡಿಮೆ ಬಿದ್ದ ಒಂದು ಗಂಟೆ, ನಾಲ್ಕುನಾಡಿಗೆ ಕಡಿಮೆ ಬಿದ್ದ ಒಂದು ಗಂಟೆ, ಎರಡೂ ಇಲ್ಲೇ ಹೋಗಿವೆ. ಕಾಫಿಪುಡಿ ಕೊಳ್ಳುವುದಿದ್ದರೆ ಪೊಟ್ಟಣದ ಮೇಲೆ ಚಿಕೋರಿ ಎಷ್ಟು ಪಾಲು ಎಂದು ಓದಿ ಕೊಳ್ಳಿ.

ದುಡ್ಡು ಕಟ್ಟುವ ಮೊದಲು ಡ್ರೈವರ್ ಭತ್ಯೆ, ಪಾರ್ಕಿಂಗ್, ಪ್ರವೇಶ ಶುಲ್ಕ ಸೇರಿದೆಯೇ ಎಂದು ಕೇಳಿ. ಇಲ್ಲಿ ಮೂರೂ ಹೊರಗೆ. ಹತ್ತಕ್ಕಿಂತ ಹೆಚ್ಚು ಜನ ಒಟ್ಟಾಗಿ ಹೋಗುವುದಾದರೆ ಇಡೀ ಟಿಟಿಯನ್ನೇ ನಿಮ್ಮ ಗುಂಪಿಗೆ ಹಿಡಿಯಿರಿ. ಅದನ್ನು ಬೆಂಗಳೂರಿನಿಂದ ತರಬೇಡಿ, ಮಡಿಕೇರಿಯಲ್ಲೇ ಹಿಡಿಯಿರಿ. ಹೊರಗಿನ ಗಾಡಿಗೆ ದಿನಕ್ಕಿಷ್ಟು ಕಿ.ಮೀ. ಎಂಬ ಕನಿಷ್ಠ ಲೆಕ್ಕವಿರುತ್ತದೆ, ಕೊಡಗಿನೊಳಗಿನ ಸುತ್ತಾಟ ಅದರ ಅರ್ಧವೂ ಆಗದು, ದುಡ್ಡು ಮಾತ್ರ ಪೂರ್ತಿ. ಗಾಡಿ ನಿಮ್ಮದೇ ಆದರೆ ಅಂಗಡಿಗಳ ಮುಂದೆ ನಿಲ್ಲಿಸಬೇಡಿ ಎಂದು ಡ್ರೈವರಿಗೆ ಹೇಳಲೂ ಬಾಯಿ ಬರುತ್ತದೆ.