ಮಂಗಳೂರಿನ ಕದ್ರಿ ಸಮೀಪದ ಎಂಟು ವಾರಗಳ ಧ್ಯಾನ ತರಗತಿ: ಆಘಾತ ಕಂಡವರು ಸೇರಬಹುದೇ?

ಸೇರಬಹುದು, ಆದರೆ ನಾಲ್ಕನೇ ಮತ್ತು ಏಳನೇ ವಾರದ ಬಗ್ಗೆ ಮೊದಲೇ ಮಾತಾಡಿಕೊಂಡು. ಅಪಘಾತ, ಮನೆಯೊಳಗಿನ ಹೊಡೆತ, ಲೈಂಗಿಕ ದೌರ್ಜನ್ಯ, ಹಠಾತ್ ಸಾವು ಕಂಡವರನ್ನು ಮನಸ್ಸಿನಲ್ಲಿಟ್ಟು ರೂಪಿಸಿದ ತರಗತಿ ಇದು. ಭಾನುವಾರ ಸಂಜೆ ಎರಡು ತಾಸು, ಗುಂಪಿನಲ್ಲಿ ಹನ್ನೆರಡು ಜನ, ಮಾತು ಕನ್ನಡದಲ್ಲಿ, ನಡುನಡುವೆ ತುಳು. ಜಾನ್ ಕಬಾಟ್-ಝಿನ್ 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಒತ್ತಡ ತಗ್ಗಿಸಲೆಂದು ಶುರುಮಾಡಿದ ಎಂಟು ವಾರಗಳ ಧ್ಯಾನ ಕ್ರಮವೇ ಇದರ ಚೌಕಟ್ಟು. ಅದಕ್ಕೆ ಬೌದ್ಧರ ಆನಾಪಾನಸತಿಯನ್ನೂ (ಉಸಿರನ್ನು ಗಮನಿಸುವ ಅಭ್ಯಾಸ) ಮೆತ್ತಾ ಭಾವನೆಯನ್ನೂ (ತನಗೂ ಪರರಿಗೂ ಒಳಿತು ಹಾರೈಸುವ ಅಭ್ಯಾಸ) ಜೋಡಿಸಿದ್ದಾರೆ.

ಸೇರುವ ಮುನ್ನ ಅರ್ಧ ಗಂಟೆ ಒಬ್ಬೊಬ್ಬರೊಡನೆ ಪ್ರತ್ಯೇಕ ಮಾತುಕತೆ. ನಿದ್ರೆ, ಮಾತ್ರೆ, ಕುಡಿತ, ಸಾಯಬೇಕೆನ್ನುವ ಯೋಚನೆ, ಇಷ್ಟನ್ನು ಕೇಳುತ್ತಾರೆ. ನಡೆದದ್ದೇನು ಹೇಳಿ ಎಂದು ಒತ್ತಾಯಿಸುವುದಿಲ್ಲ. ಈ ಒಂದು ಸೌಜನ್ಯಕ್ಕಾಗಿಯೇ ತರಗತಿಯನ್ನು ಮೆಚ್ಚಬೇಕು.

ಇದರ ನಿಜವಾದ ಬಲ ಮೊದಲ ಎರಡು ವಾರಗಳಲ್ಲಿದೆ. ಧ್ಯಾನವೆಂದರೆ ಕಣ್ಣು ಮುಚ್ಚಿ ಉಸಿರು ನೋಡುವುದು ಎಂದೇ ಎಲ್ಲೆಡೆ ಹೇಳಿಕೊಡುತ್ತಾರೆ. ಆದರೆ ಭಯ ಬಂದಾಗ ಮೊದಲು ಬಿಗಿಯುವುದೇ ಉಸಿರು. ನೀರಲ್ಲಿ ಮುಳುಗಿ ಬದುಕಿದವರಿಗೆ, ಕುತ್ತಿಗೆ ಹಿಸುಕಿಸಿಕೊಂಡವರಿಗೆ, ಉಬ್ಬಸದವರಿಗೆ ಅದನ್ನೇ ನೋಡುತ್ತಾ ಕೂರುವುದು ಗಾಬರಿ ಹೆಚ್ಚಿಸಬಹುದು. ಇಲ್ಲಿ ಶುರು ಪಾದದಿಂದ. ಬೆನ್ನು ಗೋಡೆಯ ಕಡೆಗಿರುವಂತೆ ಕುರ್ಚಿಯಲ್ಲಿ ಕೂರಬೇಕು, ಕಣ್ಣು ತೆರೆದಿರಬೇಕು, ನೋಟ ನಾಲ್ಕೈದು ಅಡಿ ದೂರದ ನೆಲದ ಮೇಲಿರಬೇಕು. ಹಿಮ್ಮಡಿ ಒತ್ತಿ ನೆಲದ ತಂಪು, ಗಟ್ಟಿತನ ಗಮನಿಸಬೇಕು. ಆಮೇಲೆ ತೊಡೆಯ ಮೇಲಿಟ್ಟ ಅಂಗೈ. ಹೀಗೆ ಐದೇ ನಿಮಿಷ. ಮೂರನೇ ವಾರ ಮೂರು ಉಸಿರು ನೋಡಿ ಮತ್ತೆ ಪಾದಕ್ಕೆ ಮರಳುವುದು. ಉಸಿರು ಬೇಡವೆಂದರೆ ಎಂಟೂ ವಾರ ಪಾದದಲ್ಲೇ ಇರಬಹುದು. ಗಮನವಿಡಲು ಶಬ್ದವನ್ನೂ ಆಧಾರವಾಗಿ ಕೊಡುತ್ತಾರೆ. ಆದರೆ ಕೊಠಡಿ ರಸ್ತೆಗೆ ತಾಗಿಕೊಂಡಿದೆ, ಸಿಟಿ ಬಸ್ಸಿನ ಹಾರ್ನ್, ಉತ್ಸವದ ಗರ್ನಾಲು ಪಟಾಕಿ ಎರಡೂ ಒಳಗೆ ಕೇಳುತ್ತವೆ. ಅಪಘಾತ ಕಂಡವರು ಸ್ಪರ್ಶವನ್ನೇ ಆರಿಸಿಕೊಳ್ಳುವುದು ಕ್ಷೇಮ.

ಸಂಕಟವನ್ನು ಸೊನ್ನೆಯಿಂದ ಹತ್ತರ ಅಳತೆಯಲ್ಲಿ ಗುರುತಿಸಲು ಕಲಿಸುತ್ತಾರೆ. ಆರು ದಾಟಿದರೆ ಧ್ಯಾನ ಬಿಟ್ಟು ಎದ್ದು ನಿಲ್ಲಬೇಕು, ಕೋಣೆಯಲ್ಲಿ ಕಾಣುವ ಐದು ವಸ್ತುಗಳ ಹೆಸರು ಹೇಳಬೇಕು. ಬಾಗಿಲ ಬಳಿ ಆಪ್ತಸಮಾಲೋಚಕರೊಬ್ಬರು ಇರುತ್ತಾರೆ, ಹೊರಗೆ ಹೋದವರನ್ನು ಯಾರೂ ವಾಪಸು ಕರೆಯುವುದಿಲ್ಲ. ಇನ್ನೊಂದು ಅಪಾಯ ಸದ್ದಿಲ್ಲದ್ದು: ಕೈಕಾಲು ಮರಗಟ್ಟುವುದು, ಮಾತು ದೂರದಿಂದ ಕೇಳಿದಂತಾಗುವುದು, ತಾನು ಅಲ್ಲಿ ಇಲ್ಲವೇ ಇಲ್ಲ ಅನ್ನಿಸುವುದು. ಇದನ್ನು ಆಳವಾದ ಧ್ಯಾನವೆಂದು ಹೊಗಳುವ ಗುರುಗಳಿದ್ದಾರೆ. ಇದು ಸಮಾಧಿಯಲ್ಲ, ಮನಸ್ಸು ತಾಳಲಾರದೆ ಕಳಚಿಕೊಂಡ ಸ್ಥಿತಿ. ಇಲ್ಲಿನ ಶಿಕ್ಷಕರು ಅದನ್ನು ಮುಖ ನೋಡಿಯೇ ಗುರುತಿಸಿ ಅಭ್ಯಾಸ ನಿಲ್ಲಿಸುತ್ತಾರೆ.

ನಾಲ್ಕನೇ ವಾರ ಮಾತ್ರ ಈ ಎಚ್ಚರ ತಪ್ಪುತ್ತದೆ. ಮಲಗಿಸಿ, ಅಡಿಯಿಂದ ಮುಡಿಯವರೆಗೆ ಮೈಯನ್ನು ಗಮನಿಸುವ ಅಭ್ಯಾಸವನ್ನು 45 ನಿಮಿಷ ಎಳೆಯುತ್ತಾರೆ. ಮೂಲ ಕ್ರಮದಲ್ಲಿ ಅಷ್ಟಿದೆ ನಿಜ, ಆದರೆ ದೇಹದ ಮೇಲೆ ದೌರ್ಜನ್ಯವಾದವರಿಗೆ ಹೊಟ್ಟೆ, ತೊಡೆ, ಎದೆಯ ಮೇಲೆ ಗಮನವಿಡುವುದೇ ನೆನಪನ್ನು ಕೆದಕಬಲ್ಲದು. ಕುಳಿತುಕೊಂಡು, ಅಂಗೈ ಮತ್ತು ಪಾದಕ್ಕಷ್ಟೇ ಸೀಮಿತವಾಗಿ ಹತ್ತು ನಿಮಿಷ ಮಾಡುತ್ತೇನೆ ಎಂದು ಕೇಳಿ. ಕೇಳಿದವರಿಗೆ ಒಪ್ಪುತ್ತಾರೆ, ತಾವಾಗಿ ಹೇಳುವುದಿಲ್ಲ.

ಮೆತ್ತಾ ಭಾಗ ಅರ್ಧ ಚೆನ್ನಾಗಿದೆ. ಸಂಪ್ರದಾಯದಲ್ಲಿ 'ನಾನು ಸುಖವಾಗಿರಲಿ' ಎಂದು ತನ್ನಿಂದಲೇ ಶುರು. ತಪ್ಪು ತನ್ನದೇ ಎಂದು ವರ್ಷಗಟ್ಟಲೆ ನಂಬಿಕೊಂಡವರಿಗೆ ಆ ಮಾತು ಗಂಟಲಲ್ಲೇ ನಿಲ್ಲುತ್ತದೆ. ಹಾಗಾಗಿ ಇಲ್ಲಿ ಅಜ್ಜಿ, ಮಗು, ಹಟ್ಟಿಯ ಕರು, ಹೀಗೆ ಪ್ರೀತಿ ಸಲೀಸಾಗಿ ಹರಿಯುವ ಕಡೆಯಿಂದ ಆರಂಭಿಸಿ ಆರನೇ ವಾರ ತನ್ನ ಕಡೆ ತಿರುಗಿಸುತ್ತಾರೆ. ಬಹಳ ಒಳ್ಳೆಯ ಬದಲಾವಣೆ. ಆದರೆ ಏಳನೇ ವಾರ ನೋವು ಕೊಟ್ಟವರನ್ನೂ ನೆನೆಯಿರಿ ಎನ್ನುತ್ತಾರೆ, ಕ್ಷಮೆಯ ಮಾತೂ ಬರುತ್ತದೆ. ಕರುಣೆಗೂ ಕ್ಷಮಿಸುವುದಕ್ಕೂ ಗಂಟು ಹಾಕಬಾರದು. ಕೋರ್ಟಿನಲ್ಲಿ ಕೇಸು ನಡೆಯುತ್ತಿರುವವರು, ಅದೇ ಮನೆಯಲ್ಲಿ ಇನ್ನೂ ಬಾಳುತ್ತಿರುವವರು ಆ ದಿನ ಅಜ್ಜಿ, ಕರುವಿನಲ್ಲೇ ಉಳಿಯಲಿ.

ಬೌದ್ಧ ಧರ್ಮಕ್ಕೆ ಸೇರಿಸುತ್ತಾರೋ ಎಂಬ ಸಂಶಯ ಬೇಡ. ಪೂಜೆ, ದೀಕ್ಷೆ ಏನೂ ಇಲ್ಲ. ಆದರೂ ಕರುಣೆಯನ್ನು ಕಲಿಯಲು ಕದ್ರಿಗಿಂತ ಒಪ್ಪುವ ಊರು ಯಾವುದು? ಆಳುಪ ಅರಸ ಕುಂದವರ್ಮ 968ರಲ್ಲಿ ಇಲ್ಲಿ ಪ್ರತಿಷ್ಠಾಪಿಸಿದ ಕಂಚಿನ ಲೋಕೇಶ್ವರನನ್ನು ಹಲವು ವಿದ್ವಾಂಸರು ಕರುಣೆಯ ಬೋಧಿಸತ್ತ್ವ ಅವಲೋಕಿತೇಶ್ವರ ಎಂದೇ ಗುರುತಿಸುತ್ತಾರೆ.

ಹತ್ತು ದಿನಗಳ ವಿಪಶ್ಯನ ಶಿಬಿರಕ್ಕೆ ಇದನ್ನು ಹೋಲಿಸುವವರಿದ್ದಾರೆ. ಅಲ್ಲಿ ಬೆಳಗ್ಗೆ ನಾಲ್ಕಕ್ಕೆ ಗಂಟೆ, ದಿನಕ್ಕೆ ಸುಮಾರು ಹತ್ತು ತಾಸು ಧ್ಯಾನ, ಪೂರ್ತಿ ಮೌನ. ಗಾಯ ಹಸಿಯಿದ್ದಾಗ ಅದು ಭಾರ. ಈ ತರಗತಿಯೂ ಚಿಕಿತ್ಸೆಗೆ ಬದಲಿಯಲ್ಲ, ಮಾತ್ರೆ ತಾವಾಗಿ ನಿಲ್ಲಿಸಬಾರದು. ಸಾಯುವ ಯೋಚನೆ ಇರುವವರು ಮೊದಲು ವೈದ್ಯರನ್ನು ಕಾಣಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಸಂಖ್ಯೆ 14416 ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ಮೊದಲ ದಿನ ಕಾಲು ಗಂಟೆ ಮುಂಚೆ ಹೋಗಿ. ಗೋಡೆಗೆ ತಾಗಿದ ಕುರ್ಚಿಗಳು ನಾಲ್ಕೇ ಇವೆ.