ಮೂರು ಕುರ್ಚಿ, ಒಂದೇ ಮೇಜು

ನನ್ನ ಎತ್ತರ 5 ಅಡಿ 1 ಇಂಚು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾವ ಕುರ್ಚಿ ಹೇಗಿದೆ ಅನ್ನೋದು ಕೂರುವವರ ಅಳತೆ ಗೊತ್ತಿಲ್ಲದೆ ಅರ್ಥವಾಗೋದಿಲ್ಲ.

ಮೈಸೂರಿನ ಕುವೆಂಪುನಗರದ ಮನೆಯಲ್ಲೇ ಕೂತು ಏಳೆಂಟು ಅಂಗಡಿಗಳ ಲೆಕ್ಕ ಬರೆಯುತ್ತೇನೆ. ತಿಂಗಳ 11ಕ್ಕೆ ಒಂದು ಜಿಎಸ್‌ಟಿ ರಿಟರ್ನ್, 20ಕ್ಕೆ ಇನ್ನೊಂದು. ಆ ಹತ್ತು ದಿನ ಕುರ್ಚಿ ಬಿಟ್ಟು ಏಳುವುದೇ ಕಡಿಮೆ. ಮೂರು ವರ್ಷದಲ್ಲಿ ಮೂರು ಕುರ್ಚಿ ಬದಲಾಯಿಸಿದೆ. ಮೇಜು ಮಾತ್ರ ಅದೇ, ನೆಲದಿಂದ 30 ಇಂಚು.

ಮೊದಲನೆಯದು ನಮ್ಮ ಮಾವನವರ ಬೆತ್ತದ ಕುರ್ಚಿ. ಏಪ್ರಿಲ್ ಬಿಸಿಲಲ್ಲೂ ಅದರಲ್ಲಿ ಬೆನ್ನು ಬೆವರುವುದಿಲ್ಲ. ಈಗ ಮೆಶ್ ಅಂತ ಮಾರುತ್ತಾರಲ್ಲ, ಆ ಬಲೆಯ ಗುಣವೂ ಇದೇ. ಗಾಳಿ ಆಡುತ್ತದೆ, ಮೈಭಾರಕ್ಕೆ ಸ್ವಲ್ಪ ಬಗ್ಗುತ್ತದೆ. ಪೇಪರ್ ಓದೋಕೆ ಇದಕ್ಕಿಂತ ಹಿತವಾದ ಕುರ್ಚಿ ನಮ್ಮ ಮನೆಯಲ್ಲಿ ಇಲ್ಲ. ಆದರೆ ಎತ್ತರ ಬದಲಾಗೋದಿಲ್ಲ. ಕೀಬೋರ್ಡ್ ಮುಟ್ಟಲು ಭುಜ ಎತ್ತಿಕೊಂಡೇ ಕೂರಬೇಕು. ಮಧ್ಯಾಹ್ನದ ಹೊತ್ತಿಗೆ ಕುತ್ತಿಗೆಯಿಂದ ಭುಜದವರೆಗೆ ಹಗ್ಗದ ಹಾಗೆ ಬಿಗಿದುಕೊಳ್ಳುತ್ತಿತ್ತು.

ಆಮೇಲೆ 5,500 ರೂಪಾಯಿಯ ರಿವಾಲ್ವಿಂಗ್ ಚೇರ್ ತಂದೆ. ಲಿವರ್ ಎತ್ತಿ ಸೀಟು ಮೇಲೇರಿಸಿದೆ, ಮೊಣಕೈ ಮೇಜಿನ ಮಟ್ಟಕ್ಕೆ ಬಂತು. ಭುಜದ ನೋವು ಒಂದೇ ವಾರದಲ್ಲಿ ಇಳಿಯಿತು. ಆದರೆ ಕಾಲು ನೆಲ ಬಿಟ್ಟಿತು! ಸೀಟಿನ ಅಂಚು ತೊಡೆಗೆ ಒತ್ತಿ ಸಂಜೆಗೆ ಜೋಮು. ಅತ್ತೆ ಅಟ್ಟದಿಂದ ಎರಡು ಹಳೇ ಮಣೆ ಇಳಿಸಿಕೊಟ್ಟರು. ಒಂದರ ಮೇಲೊಂದು ಇಟ್ಟು ಕಾಲೂರಿದೆ, ಜೋಮು ಹೋಯಿತು.

ಸೊಂಟನೋವು ಮಾತ್ರ ಹೋಗಲಿಲ್ಲ. ಕಾರಣ ತಿಳಿಯೋಕೆ ತಿಂಗಳುಗಳೇ ಬೇಕಾದವು. ಸೀಟು ನನಗೆ ಉದ್ದ. ಪೂರ್ತಿ ಹಿಂದಕ್ಕೆ ಕೂತರೆ ಅಂಚು ಮಂಡಿಯ ಹಿಂಭಾಗಕ್ಕೆ ಒತ್ತುತ್ತದೆ. ಹಾಗಾಗಿ ಗೊತ್ತಿಲ್ಲದೆಯೇ ಮುಂದೆ ಸರಿದು ಕೂರುತ್ತಿದ್ದೆ. ಸೊಂಟಕ್ಕೆ ಆಸರೆ ಅಂತ ಕುರ್ಚಿಯ ಬೆನ್ನಲ್ಲಿ ಉಬ್ಬು ಇತ್ತು, ನನ್ನ ಸೊಂಟ ಅದರಿಂದ ಒಂದು ಗೇಣು ದೂರ. ಸ್ವೀಡನ್ನಿನ ಮೂಳೆತಜ್ಞ ಆಲ್ಫ್ ನ್ಯಾಕೆಮ್ಸನ್ 1960ರ ದಶಕದಲ್ಲೇ ಬೆನ್ನುಮೂಳೆಯ ಡಿಸ್ಕಿಗೆ ಸೂಜಿ ಇಳಿಸಿ ಒತ್ತಡ ಅಳೆದಿದ್ದರು. ಅವರ ಅಳತೆಯಲ್ಲಿ ನಿಂತಾಗಿನದಕ್ಕಿಂತ ಆಸರೆಯಿಲ್ಲದೆ ಕೂತಾಗ ಒತ್ತಡ ಜಾಸ್ತಿ, ಮುಂದಕ್ಕೆ ಬಾಗಿದರೆ ಇನ್ನೂ ಜಾಸ್ತಿ. ನಾನು ದಿನವಿಡೀ ಕೂರುತ್ತಿದ್ದದ್ದು ಹಾಗೇ ಅಲ್ವಾ? ಕೈಹಿಡಿಗಳೂ ಇಳಿಯುತ್ತಿರಲಿಲ್ಲ. ಮೇಜಿನ ಅಂಚಿಗೆ ತಗುಲಿ ಕುರ್ಚಿಯನ್ನು ದೂರವೇ ನಿಲ್ಲಿಸುತ್ತಿದ್ದವು.

ವರ್ಷ ತುಂಬಿ ಎರಡು ತಿಂಗಳಿಗೆ ಅದು ತಾನಾಗೇ ಕೆಳಗಿಳಿಯತೊಡಗಿತು. ರಿಪೇರಿಯವರು 'ಹೈಡ್ರಾಲಿಕ್ ಹೋಗಿದೆ' ಅಂದರು. ಮಾತಿಗೆ ಹಾಗನ್ನುತ್ತಾರೆ, ನಿಜಕ್ಕೂ ನಮ್ಮ ಭಾರ ಹೊರುವುದು ಸಿಲಿಂಡರಿನಲ್ಲಿ ಒತ್ತಿ ತುಂಬಿದ ನೈಟ್ರೋಜನ್. ಸೀಲು ಸವೆದರೆ ಅನಿಲ ಸೋರುತ್ತದೆ. ಸಿಲಿಂಡರ್ ಒಂದನ್ನೇ ಬದಲಾಯಿಸಬಹುದು, ಕುರ್ಚಿ ಎಸೆಯಬೇಕಿಲ್ಲ. ಈಗ ಅದರಲ್ಲಿ ನಮ್ಮ ಯಜಮಾನರು ಕೂರುತ್ತಾರೆ. ಅವರು 5 ಅಡಿ 10 ಇಂಚು. ಅದೇ ಉಬ್ಬು ಅವರ ಸೊಂಟಕ್ಕೆ ಸರಿಯಾಗಿ ಕೂರುತ್ತದೆ, ಒಂದು ದಿನವೂ ನೋವು ಅಂದಿಲ್ಲ.

ಮೂರನೆಯದಕ್ಕೆ 14,000 ಕೊಟ್ಟೆ. ಇದರ ಸೀಟು ಹಿಂದೆ ಮುಂದೆ ಜಾರುತ್ತದೆ. ಪೂರ್ತಿ ಹಿಂದಕ್ಕೆ ತಳ್ಳಿ ಕೂತಾಗ ಮಂಡಿಗೂ ಸೀಟಿನ ಅಂಚಿಗೂ ನಡುವೆ ಎರಡು ಬೆರಳು ಜಾಗ ಉಳಿಯಿತು. ಅವತ್ತೇ ಮೊದಲ ಸಲ ಕುರ್ಚಿಯ ಬೆನ್ನು ನನ್ನ ಬೆನ್ನಿಗೆ ಮುಟ್ಟಿದ್ದು. ಕೈಹಿಡಿ ಇಳಿಸಿದರೆ ಮೇಜಿನ ಕೆಳಗೆ ಹೋಗುತ್ತವೆ. ಸೀಟಿನಡಿಯ ದೊಡ್ಡ ತಿರುಪನ್ನು ಮಾತ್ರ ಮರೆಯಬೇಡಿ. ಒರಗುವಾಗ ಬೆನ್ನು ಎಷ್ಟು ಬಿಗಿಯಾಗಿರಬೇಕು ಅನ್ನೋದನ್ನು ಅದು ಹಿಡಿದಿಡುತ್ತದೆ. ಬಂದಾಗ ಎಷ್ಟು ಬಿಗಿ ಇತ್ತೆಂದರೆ ಒರಗಿದರೆ ನನ್ನನ್ನೇ ಮುಂದಕ್ಕೆ ನೂಕುತ್ತಿತ್ತು. ಹತ್ತು ಸುತ್ತು ಸಡಿಲಿಸಿದ ಮೇಲೆ ನನ್ನ ತೂಕಕ್ಕೆ ಒಗ್ಗಿತು. ತಲೆದಿಂಬು ನನಗೆ ಉಪಯೋಗವಾಗಿಲ್ಲ, ತೆಗೆದಿಟ್ಟಿದ್ದೇನೆ.

ನನ್ನಷ್ಟೇ ಎತ್ತರದವರು ಕೇಳಿದರೆ, ಸೀಟು ಜಾರುವ ಕುರ್ಚಿಗೆ ಹಣ ಹಾಕಿ ಅನ್ನುತ್ತೇನೆ. ಎತ್ತರದವರು ಸುಮ್ನೆ ಅಷ್ಟು ಕೊಡಬೇಕಿಲ್ಲ. ಅಂಗಡಿಗೆ ಹೋಗುವ ಮುಂಚೆ ಮೇಜಿನ ಎತ್ತರ ಅಳೆದುಕೊಳ್ಳಿ. ಅಲ್ಲಿ ಕಾಲು ಗಂಟೆಯಾದರೂ ಬೆನ್ನು ಊರಿ ಕೂರಿ, ಮಂಡಿಯ ಹಿಂದೆ ಬೆರಳಿಟ್ಟು ನೋಡಿ.

ಮೇಜು ಇನ್ನೂ 30 ಇಂಚೇ. ಹಾಗಾಗಿ ಆ ಎರಡು ಮಣೆ ಈಗಲೂ ನನ್ನ ಕಾಲ ಕೆಳಗೇ ಇವೆ.